ಮಗಳ ಐಸು, ನನ್ನ ಪಾಡು

ಐಸಿನ ಕೆಲಸ ಮಾಡುವವರ ಮನೆಯಲ್ಲಿ ಏನೂ ಆಗದೆ ಒಂದು ವಾರ ಕಳೆಯುವುದಿಲ್ಲ. ಕಳೆಯಿತು ಅಂತ ಕಾಲು ಚಾಚಿದರೆ ಮುಂದಿನ ವಾರ ಎರಡು ಜೊತೆಯಾಗಿ ಬರುತ್ತವೆ. ಎಪ್ಪತ್ತರ ದಶಕದಲ್ಲಿ ಶಿಕಾಗೋ ಪಕ್ಕದ ಗ್ಲೆಂಡೇಲ್ ಹೈಟ್ಸಿನಲ್ಲಿ ಮಗಳ ಮನೆಯಲ್ಲಿದ್ದಾಗ ನಾನು ಕಲಿತದ್ದು ಇದು. ಹೆಚ್ಚು ಶಾಲೆಗೆ ಹೋದವಳಲ್ಲ, ಇಂಥದ್ದೇ ನನ್ನ ವಿದ್ಯೆ.

ಮನೆಯಲ್ಲಿ ನಾಲ್ಕೇ ಜನ. ಮಗಳು ಮಂಜುಗಡ್ಡೆಯ ಮೇಲೆ ಸಂಶೋಧನೆ ಮಾಡುವವಳು. ಎತ್ತರದ ಬೆಟ್ಟಗಳಿಂದ ಕೊರೆದು ತಂದ ಹಳೇ ಹಿಮದಲ್ಲಿ ಯಾವ ಕಾಲದ ಧೂಳಿದೆ, ಯಾವ ಕಾಲದ ಹೊಗೆಯಿದೆ ಅಂತ ನೋಡುತ್ತಾಳೆ. ಅಳಿಯ ಡಿಯರ್‌ಬಾರ್ನಿನಲ್ಲಿ ಕಾರಿನ ಎಂಜಿನಿಯರು. ಶುಕ್ರವಾರ ಸಂಜೆ ಐದು ಗಂಟೆ ಹೊತ್ತು ಡ್ರೈವ್ ಮಾಡಿಕೊಂಡು ಬರುವುದು, ಭಾನುವಾರ ಸಾರನ್ನ ಉಂಡು ಹೊರಡುವುದು. ಮೊಮ್ಮಗಳಿಗೆ ಐದು ವರ್ಷ. ಕನ್ನಡ ಪೂರ್ತಿ ತಿಳಿಯುತ್ತದೆ, ಬಾಯಿ ಬಿಟ್ಟರೆ ಇಂಗ್ಲಿಷು. ಇವರನ್ನೆಲ್ಲ ಸಂಭಾಳಿಸಲು ಮೈಸೂರಿನಿಂದ ಬಂದವಳು ನಾನು. ಆರು ತಿಂಗಳಿಗೆ ಅಂತ ಬಂದೆ. ಮಂಡಿ ನೋವು ಮಾತ್ರ ಖಾಯಂ ಆಗಿ ಬಂದು ಕೂತಿತು.

ಮಗಳಿಗೆ ಇದ್ದದ್ದು ಒಂದೇ ಆಸೆ. ದಕ್ಷಿಣ ಧ್ರುವಕ್ಕೆ ಹೋಗುವ ತಂಡದಲ್ಲಿ ತಾನೂ ಹೋಗಬೇಕು. ಹೆಂಗಸರನ್ನು ಅಲ್ಲಿಗೆ ಕರೆದುಕೊಂಡು ಹೋಗುವುದೇ ಆಗ ಅಪರೂಪ. ನಾಲ್ಕು ವರ್ಷದಿಂದ ಅಪ್ಲೈ ಮಾಡುತ್ತಿದ್ದಳು. ಅವಳ ಲ್ಯಾಬಿನ ದೊಡ್ಡ ಪ್ರೊಫೆಸರು ಪ್ರತಿ ವರ್ಷ ನಗುನಗುತ್ತಾ “ಮುಂದಿನ ವರ್ಷ ನೋಡೋಣ” ಅನ್ನುತ್ತಿದ್ದರು. ಈ ಸಲವೂ ಹಾಗೇ ಅಂದರೆ ಕೆಲಸ ಬಿಟ್ಟು ಡಿಯರ್‌ಬಾರ್ನಿಗೆ ಹೋಗಿಬಿಡುವುದು ಅಂತ ಗಂಡ ಹೆಂಡತಿ ಮಾತಾಡಿಕೊಂಡಿದ್ದರು. ಮಾತಾಡಿಕೊಂಡ ದಿನ ಅವಳು ಊಟ ಬಿಟ್ಟಿದ್ದಳು. ಅದನ್ನು ನೋಡಿದವಳು ನಾನು.

ಚಳಿ ಕಾಯಿಸುವ ಜಾಗ

ನಾನು ಬಂದ ಮೊದಲ ಜನವರಿ. “ಅಮ್ಮ, ನಾನೆಲ್ಲಿ ಕೆಲಸ ಮಾಡ್ತೀನಿ ನೋಡು ಬಾ” ಅಂತ ಮಗಳು ಕರೆದುಕೊಂಡು ಹೋದಳು. ಇಟಾಸ್ಕಾ ಅನ್ನುವ ಊರು ದಾಟಿ ಅರ್ಧ ಗಂಟೆ. ಅವರ ಲ್ಯಾಬಿನಲ್ಲಿ ಒಂದು ತಣ್ಣನೆ ಕೋಣೆ, ಛತ್ರದ ಅಡುಗೆಮನೆಯಷ್ಟು ದೊಡ್ಡದು. ಬೆಟ್ಟಗಳಿಂದ ತಂದ ಮಂಜುಗಡ್ಡೆಯನ್ನು ಉದ್ದುದ್ದ ಡಬ್ಬಗಳಲ್ಲಿ ಹಾಕಿ ಅಲ್ಲಿ ಪೇರಿಸಿರುತ್ತಾರೆ. ಹಗಲೂ ರಾತ್ರಿ ಹತ್ತು ಡಿಗ್ರಿ ಫ್ಯಾರನ್‌ಹೀಟು. ಅಂದರೆ ನೀರು ಕಲ್ಲಾಗಿ, ಕಲ್ಲೂ ನಡುಗುವಷ್ಟು.

ನಾನು ಸೀರೆಯ ಒಳಗೆ ಅಳಿಯನ ಪ್ಯಾಂಟು, ಮೇಲೆ ಎರಡು ಸ್ವೆಟರು, ಅದರ ಮೇಲೆ ಅವನದೇ ಕೋಟು ಹಾಕಿಕೊಂಡು ಹೊರಟೆ. ಹೊರಗೆ ಅವತ್ತು ಅದೇ ಲೆಕ್ಕದಲ್ಲಿ ಸೊನ್ನೆಗಿಂತ ಹದಿನೆಂಟು ಕೆಳಗೆ. ಕಾರು ನಿಲ್ಲಿಸಿದ ಜಾಗದಿಂದ ಬಾಗಿಲವರೆಗೆ ನಡೆಯುವಷ್ಟರಲ್ಲಿ ನನ್ನ ಹುಬ್ಬಿನ ಮೇಲೆ ಹಿಮ ಕೂತಿತ್ತು. ಮಗಳು ಆ ಕೋಣೆಯ ದಪ್ಪ ಬಾಗಿಲು ತೆಗೆದಳು. ಒಳಗೆ ಕಾಲಿಟ್ಟೆ. ಅಬ್ಬ, ಜೀವ ಬಂದ ಹಾಗಾಯಿತು. ಮಫ್ಲರು ಬಿಚ್ಚಿದೆ.

“ನೀನು ಹೋಗಿ ಕೆಲಸ ಮಾಡ್ಕೋ, ನಾನು ಇಲ್ಲೇ ಕೂತಿರ್ತೀನಿ” ಅಂದೆ.

ನೋಡಿದರೆ ಮೂಲೆಯಲ್ಲಿ ಆಗಲೇ ಇಬ್ಬರು ನಿಂತಿದ್ದಾರೆ, ಡಬ್ಬ ಹೊತ್ತು ತರುವ ಲಾರಿಯವರು. ಕೈ ಉಜ್ಜಿಕೊಳ್ಳುತ್ತಾ ನನಗೂ ಜಾಗ ಬಿಟ್ಟರು. ಅವರೂ ಚಳಿ ತಡೆಯಲಾರದೆ ಒಳಗೆ ಬಂದವರಂತೆ.

ಮನೆಗೆ ಬಂದು ಮೈಸೂರಿನ ತಂಗಿಗೆ ಕಾಗದ ಬರೆದೆ: “ಇಲ್ಲಿ ಚಳಿಯಾದರೆ ಫ್ರಿಜ್ಜಿನೊಳಗೆ ಹೋಗಿ ಮೈ ಬೆಚ್ಚಗೆ ಮಾಡಿಕೊಳ್ಳುತ್ತಾರೆ.” ಮೂರು ವಾರಕ್ಕೆ ಉತ್ತರ ಬಂತು. ನನಗಲ್ಲ, ಅಳಿಯನ ಹೆಸರಿಗೆ: “ಅಕ್ಕನನ್ನು ಒಬ್ಬಳೇ ಬಿಡಬೇಡಿ. ಯಾರಾದರೂ ಒಳ್ಳೆ ಡಾಕ್ಟರಿಗೆ ತೋರಿಸಿ.”

ಕರಗಿಸುವ ಓದು

ಯುಗಾದಿಗೆ ಸುತ್ತಲಿನ ನಾಲ್ಕಾರು ಕನ್ನಡದ ಮನೆಯವರು ಯಾರದಾದರೂ ಬೇಸ್‌ಮೆಂಟಿನಲ್ಲಿ ಸೇರುತ್ತಿದ್ದೆವು. ಗಂಡಸರೆಲ್ಲ ಡಾಕ್ಟರು, ಎಂಜಿನಿಯರು. ಅವರ ಕೆಲಸ ಯಾರಿಗೂ ವಿವರಿಸಬೇಕಾಗಿಲ್ಲ. ನನ್ನ ಮಗಳದ್ದು ಮಾತ್ರ ಪ್ರತಿ ಸಲ ಮೊದಲಿಂದ ಹೇಳಬೇಕು. ಹೇಳಿ ಹೇಳಿ ನನ್ನ ದವಡೆ ಸವೆದಿತ್ತು.

ಧಾರವಾಡ ಕಡೆಯ ಒಬ್ಬ ಡಾಕ್ಟರ ಹೆಂಡತಿ ಹೋಳಿಗೆ ತಟ್ಟುತ್ತಾ ಕೇಳಿದರು, “ನಿಮ್ಮ ಮಗಳು ಏನ್ ಮಾಡ್ತಾಳ್ರೀ?”

“ಐಸ್ ನೋಡ್ತಾಳೆ.”

“ಐಸ್ ನೋಡಾಕ ಪಗಾರ ಕೊಡ್ತಾರೇನ್ರೀ? ದಿನಾ ಮುಂಜಾನೆ ಕಾರಿನ ಮ್ಯಾಲಿನ ಐಸ್ ನಾನೂ ಕೆರೀತೀನಿ, ನಮಗ ಒಂದ್ ಕಪ್ ಚಹಾ ಕೊಡವ್ರಿಲ್ಲ.”

ನಾನು ತಾಳ್ಮೆಯಿಂದ ಹೇಳಿದೆ. ಬೆಟ್ಟದ ತುದಿಗೆ ಹೋಗುತ್ತಾರೆ, ಕೊರೆಯುತ್ತಾರೆ, ಕರಗದ ಹಾಗೆ ಡಬ್ಬಕ್ಕೆ ಹಾಕಿ, ಹಿಮದ ಮೇಲೆ ಎಳೆದು, ವಿಮಾನಕ್ಕೆ ಹತ್ತಿಸಿ, ಲಾರಿಗೆ ಇಳಿಸಿ, ಎರಡು ಸಾವಿರ ಮೈಲಿ ತರುತ್ತಾರೆ. ದಾರಿಯಲ್ಲಿ ಒಂದು ಹನಿ ಕರಗಿದರೂ ಮಗಳ ಮುಖ ಹಸುಗೂಸಿಗೆ ಜ್ವರ ಬಂದ ತಾಯಿಯ ಹಾಗಾಗುತ್ತದೆ. ಆಮೇಲೆ ತಣ್ಣನೆ ಕೋಣೆಯಲ್ಲಿ ಒಂದು ವರ್ಷ ಕಾಯುತ್ತಾರೆ.

“ಕಾದು ಏನ್ ಮಾಡ್ತಾರ್ರೀ?”

“ಕರಗಿಸ್ತಾರೆ.”

ಹೋಳಿಗೆ ತಟ್ಟುವ ಕೈ ನಿಂತಿತು. ಹೇಳಿದ ಮೇಲೆ ನನಗೂ ಯೋಚನೆ ಹತ್ತಿತು. ಕಾರಿನಲ್ಲಿ ಬರುವಾಗ ಮಗಳನ್ನು ಕೇಳಿದೆ, “ಅಲ್ಲ ಕಣೇ, ಹೇಗೂ ಕರಗಿಸೋದೇ ಆದರೆ ಅಲ್ಲೇ ಕರಗಿಸಿ ಶೀಶೆಯಲ್ಲಿ ನೀರು ತರಬಾರದಾ?”

“ಎಲ್ಲದಕ್ಕೂ ಆಗಲ್ಲಮ್ಮ” ಅಂದಳು. ಎರಡು ಮೈಲಿ ದಾಟಿದ ಮೇಲೆ “ಕೆಲವಕ್ಕೆ ಆಗುತ್ತೆ” ಅಂದಳು.

ಮಾರನೇ ವಾರ ಇದನ್ನು ಮೀಟಿಂಗಿನಲ್ಲಿ ಹೇಳಿದಳಂತೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆರು ತಿಂಗಳಾದ ಮೇಲೆ ದೊಡ್ಡ ಪ್ರೊಫೆಸರು ಅದೇ ಮೀಟಿಂಗಿನಲ್ಲಿ “ನನಗೊಂದು ಹೊಸ ವಿಚಾರ ಹೊಳೆಯಿತು” ಅಂತ ಎದ್ದು ಇದನ್ನೇ ಹೇಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರಂತೆ. ಸುದ್ದಿ ಕೇಳಿದಾಗ ನಾನು ಹೋಳಿಗೆಯ ಕಾವಲಿ ಉಜ್ಜುತ್ತಿದ್ದೆ. ಉಜ್ಜುತ್ತಲೇ ಇದ್ದೆ.

ಹಿತ್ತಲಿನಲ್ಲಿ ಮಗಳು

“ನೀವು ಬಿಸಿಲಿನ ದೇಶದವರು, ಟೆಂಟಿನಲ್ಲಿ ಮಲಗಿ ಅಭ್ಯಾಸವಿದೆಯೇ?” ಅಂತ ಪ್ರೊಫೆಸರು ಒಂದು ದಿನ ಅಂದುಬಿಟ್ಟರು. ಮಗಳು ಫೆಬ್ರವರಿಯಲ್ಲಿ ಟೆಂಟು ತಂದು ಹಿತ್ತಲಿನ ಹಿಮದಲ್ಲಿ ಹೊಡೆದಳು. ಏಳು ದಿನ ಅಲ್ಲೇ ಮಲಗುತ್ತೇನೆ ಅಂದಳು.

ಅವಳು ಮಲಗಿದಳು, ನಿದ್ದೆ ಬಿಟ್ಟವಳು ನಾನು. ಬೆಳಗ್ಗೆ ಆರೂವರೆಗೆ ಎದ್ದು, ಬಿಸಿ ಮೆಣಸಿನ ಸಾರು ಚೊಂಬಿಗೆ ಹಾಕಿ, ಅಳಿಯನ ಬೂಟು ಮೆಟ್ಟಿಕೊಂಡು, ಹಿಮದಲ್ಲಿ ಹೂತ ಕಾಲು ಕಿತ್ತುಕೊಂಡು ಟೆಂಟಿನ ಹತ್ತಿರ ಹೋಗಿ “ಇದೀಯೇನೇ?” ಅನ್ನುವುದು. “ಇದೀನಮ್ಮ” ಅಂತ ಒಳಗಿಂದ ಬಂದರೆ ಚೊಂಬು ಒಳಗೆ ತೂರಿಸುವುದು.

ಪಕ್ಕದ ಮನೆಯ ಅಮೆರಿಕನ್ ಅಜ್ಜಿ ಇದನ್ನು ಮೂರು ದಿನ ಕಿಟಕಿಯಿಂದ ನೋಡಿದಳು. ಒಂದು ಹೆಣ್ಣನ್ನು ಹಿಮಕ್ಕೆ ಹಾಕಿದ್ದಾರೆ, ಮುದುಕಿಯೊಬ್ಬಳು ಬಂದು ಬಗ್ಗಿ ಗದರುತ್ತಾಳೆ. ಒಳ್ಳೆ ಮನಸ್ಸಿನ ಹೆಂಗಸು. ಪೊಲೀಸಿಗೆ ಫೋನು ಮಾಡಿದಳು.

ನಾಲ್ಕನೇ ಬೆಳಗ್ಗೆ ಚೊಂಬು ಹಿಡಿದು ಹೊರಟರೆ ಎದುರಿಗೆ ಆರಡಿ ಪೊಲೀಸು. ನನಗೆ ಇಂಗ್ಲಿಷು ಬಾರದು. ಮೊಮ್ಮಗಳನ್ನು ಎಬ್ಬಿಸಿ ತಂದೆ. ಅವಳು ಕಣ್ಣುಜ್ಜುತ್ತಾ ನಮ್ಮಿಬ್ಬರ ನಡುವೆ ನಿಂತಳು.

“ಮರಿ, ಅಮ್ಮನಿಗೆ ಮನುಷ್ಯರೇ ಇಲ್ಲದ ಕಡೆ ಹೋಗಬೇಕಾಗಿದೆ, ಅದಕ್ಕೆ ಅಭ್ಯಾಸ ಮಾಡ್ಕೋತಿದಾಳೆ ಅಂತ ಹೇಳು.”

ಮಗು ಹೇಳಿತು. ಪೊಲೀಸು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಏನೋ ಕೇಳಿದ. ಮಗು ಥಟ್ಟಂತ ಉತ್ತರ ಕೊಟ್ಟಿತು. ಅವನ ಮುಖ ಬಿಗಿಯಾಯಿತು. ಪುಸ್ತಕ ತೆಗೆದು ಬರೆದುಕೊಂಡ. ಅಷ್ಟರಲ್ಲಿ ಮಗಳು ಟೆಂಟಿನಿಂದ ತೆವಳಿಕೊಂಡು ಬಂದು ಲ್ಯಾಬಿನ ಕಾಗದ ತೋರಿಸಿದಳೋ, ನಾನು ಉಳಿದೆ.

ಮಗು ಏನಂದಿತ್ತು ಅಂತ ಆಮೇಲೆ ಗೊತ್ತಾಯಿತು. “ಅಮ್ಮನಿಗೆ ಮನುಷ್ಯರೇ ಇಲ್ಲದ ಕಡೆ ಹೋಗಬೇಕಂತೆ” ಅಂದಿತ್ತು. “ಯಾವಾಗಿನಿಂದ ಹೀಗೆ?” ಅಂತ ಪೊಲೀಸು ಕೇಳಿದ್ದಕ್ಕೆ, “ಅಜ್ಜಿ ನಮ್ಮನೆಗೆ ಬಂದಾಗಿನಿಂದ.”

ಮೊದಲು ಪಾಸಾದವಳು

ಟೆಂಟಿನ ಮಾತು ಮುಗಿಯಿತು ಅಂದರೆ ಪ್ರೊಫೆಸರು ಇನ್ನೊಂದು ತೆಗೆದರು. “ಮೂರು ತಿಂಗಳು ಮಗುವನ್ನು ಯಾರು ನೋಡಿಕೊಳ್ಳುತ್ತಾರೆ?” ತಂಡದ ಗಂಡಸರಿಗೆಲ್ಲ ಮಕ್ಕಳಿದ್ದವು. ಅವರನ್ನು ಕೇಳಿದ್ದು ನಾನು ಕೇಳಲಿಲ್ಲ.

“ನಮ್ಮಮ್ಮ ಇದ್ದಾರೆ” ಅಂದಳು ಮಗಳು.

“ಅವರಿಗೆ ವಯಸ್ಸಾಗಿದೆ. ಆರೋಗ್ಯ ಹೇಗೋ?”

ಸರಿ, ನನ್ನನ್ನೂ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅವಳಿಗೂ ಅವತ್ತೇ ಪರೀಕ್ಷೆ. ಧ್ರುವಕ್ಕೆ ಹೋಗುವವರಿಗೆ ಅಂತಲೇ ಉದ್ದನೆ ಫಾರಮ್ಮು ಇರುತ್ತದೆ. ಮಗಳು ಕಾಗದಪತ್ರದಲ್ಲಿ ತವರಿನ ಹೆಸರನ್ನೇ ಇಟ್ಟುಕೊಂಡಿದ್ದಳು, ಹಾಗಾಗಿ ಇಬ್ಬರದೂ ಮನೆಹೆಸರು ಒಂದೇ, ಇಬ್ಬರದೂ ಸೀರೆ. ನರ್ಸು ಕಾಗದ ಅದಲು ಬದಲು ಮಾಡಿದಳು. ಮಗಳಿಗೆ ಎರಡು ನಿಮಿಷ ನಾಡಿ ನೋಡಿ ಕಳಿಸಿದರು. ನನ್ನನ್ನು ಅರ್ಧ ದಿನ ಹಿಡಿದುಕೊಂಡರು. ಎದೆ ಕೇಳಿದರು, ಕಾಲಿನ ಬೆರಳು ಒಂದೊಂದಾಗಿ ಹಿಡಿದು ನೋಡಿದರು, ಮೆಟ್ಟಿಲು ಹತ್ತಿಸಿ ಇಳಿಸಿದರು. ಮಗು ನೋಡಿಕೊಳ್ಳಲು ಈ ದೇಶದಲ್ಲಿ ಎಷ್ಟು ಕಷ್ಟ ಅಂದುಕೊಂಡು ಹತ್ತಿದೆ, ಇಳಿದೆ.

ಹತ್ತು ದಿನಕ್ಕೆ ಕಾಗದ ಬಂತು. ಮಗಳು ಓದಿ ನೆಲದ ಮೇಲೆ ಕೂತು ನಗಲು ಶುರುಮಾಡಿದಳು. ಅಳಿಯ ಬಂದು ಕನ್ನಡದಲ್ಲಿ ಓದಿ ಹೇಳಿದ: “ದೇಹ ಗಟ್ಟಿಯಾಗಿದೆ. ಎಡಗಡೆಯ ಒಂದು ಹಲ್ಲು ತೆಗೆಸಿದರೆ ದಕ್ಷಿಣ ಧ್ರುವದ ಕೆಲಸಕ್ಕೆ ಅಡ್ಡಿಯಿಲ್ಲ.”

ಮಗಳು ಮತ್ತೆ ಹೋಗಿ ಪರೀಕ್ಷೆ ಮಾಡಿಸಿಕೊಂಡು ಪಾಸಾದಳು. ಆದರೆ ನಮ್ಮ ಮನೆಯಲ್ಲಿ ಮೊದಲು ಪಾಸಾದವಳು ನಾನು. ಹಲ್ಲು ಮಾತ್ರ ತೆಗೆಸಲಿಲ್ಲ.

ಮಹಾನವಮಿ

ಇನ್ನು ಉಳಿದದ್ದು ಡ್ರಿಲ್ಲು. ಹಿಮ ಕೊರೆಯುವ ಕೈ ಡ್ರಿಲ್ಲು ಅಂದರೆ ನಮ್ಮ ಬಡಗಿಯ ಬೈರಿಗೆಯ ದೊಡ್ಡಣ್ಣ. ಆಳುದ್ದದ ಟೊಳ್ಳು ಕೊಳವೆ, ಮೈತುಂಬ ಸುರುಳಿ, ತುದಿಗೆ ಹಲ್ಲು. ತಿರುಗಿಸಿದರೆ ಕಬ್ಬಿನ ಜಲ್ಲೆಯಂಥ ಐಸು ಕೊಳವೆಯೊಳಗೆ ಏರಿ ಬರುತ್ತದೆ. ಲ್ಯಾಬಿನಲ್ಲಿದ್ದದ್ದು ದೊಡ್ಡ ಪ್ರೊಫೆಸರೇ ಮಾಡಿದ ಡ್ರಿಲ್ಲು. ಅದು ಕೊರೆಯುವಾಗ ಐಸಿನಲ್ಲಿ ಸಣ್ಣ ಬಿರುಕು ಬಿಟ್ಟು ಹೊರಗಿನ ಕೊಳೆ ಒಳಗೆ ಇಳಿಯುತ್ತದೆ ಅಂತ ನನ್ನ ಮಗಳ ವಾದ. ಹಳೇ ಕಾಲದ ಧೂಳು ಹುಡುಕುವವರಿಗೆ ಈ ಕಾಲದ ಕೊಳೆ ಸೇರಿದರೆ ಮುಗಿಯಿತಲ್ಲ. ಅದಕ್ಕೆ ಬೇರೆ ಥರ ಹಲ್ಲು ಯೋಚಿಸಿ, ಅಳಿಯನಿಂದ ಡಿಯರ್‌ಬಾರ್ನಿನಲ್ಲಿ ಕಡೆಸಿ, ತನ್ನದೇ ಒಂದು ಡ್ರಿಲ್ಲು ಮಾಡಿದ್ದಳು. ಸೋಮವಾರ ಅದರ ಪರೀಕ್ಷೆ. ಆಯ್ಕೆ ಮಾಡುವ ಹಿರಿಯ ವಿಜ್ಞಾನಿಯೊಬ್ಬರು ಹೊರಗಿನಿಂದ ಬರುವವರಿದ್ದರು. ಪಾಸಾದರೆ ಧ್ರುವ, ಇಲ್ಲದಿದ್ದರೆ ಡಿಯರ್‌ಬಾರ್ನು.

ಕೊನೇ ಸಲ ಹಲ್ಲು ಬಿಗಿಯಲು ಶನಿವಾರ ಡ್ರಿಲ್ಲನ್ನು ಮನೆಗೆ ತಂದರು. ಭಾನುವಾರ ಮಹಾನವಮಿ.

ನಾನೇನು ಮಾಡಲಿ? ಕಾರಿಗೆ ಪೂಜೆಯಾಯಿತು, ಹೊಲಿಗೆ ಮಿಷನ್ನಿಗಾಯಿತು, ಈಳಿಗೆಮಣೆಗಾಯಿತು. ಮಗಳ ಹಣೆಬರಹ ಬರೆಯುವ ಆಯುಧ ಗರಾಜಿನಲ್ಲಿ ಬೋಳಾಗಿ ಮಲಗಿದೆ. ಗಂಡ ಹೆಂಡತಿ ಹಗ್ಗ, ಡಬ್ಬ ಅಂತ ಅಂಗಡಿಗೆ ಹೋಗಿದ್ದರು. ಮೊಮ್ಮಗಳು ಗಂಟೆ ಹಿಡಿದುಕೊಂಡಳು. ಅರಿಶಿನ ಹಚ್ಚಿದೆ, ಕುಂಕುಮ ಇಟ್ಟೆ. ಸುರುಳಿಯ ಸಂದುಗೊಂದಿಯನ್ನೂ ಬಿಡಲಿಲ್ಲ.

ಮಗಳು ಬಂದು ನೋಡಿ ಅಲ್ಲೇ ನಿಂತಳು. “ಅಮ್ಮಾ...” ಅಂದಳು ಅಷ್ಟೆ. ಇಬ್ಬರೂ ಕೂತು ಸಂಜೆವರೆಗೆ ಒರೆಸಿದರು, ತೊಳೆದರು. ಅರಿಶಿನ ಗೊತ್ತಲ್ಲ.

ಸೋಮವಾರ ತಣ್ಣನೆ ಕೋಣೆಯಲ್ಲಿ ದೊಡ್ಡ ಐಸಿನ ದಿಮ್ಮಿ ಇಟ್ಟು ಕೊರೆದರು. ಜಲ್ಲೆ ಹೊರಗೆ ಬಂತು. ಮೈಮೇಲೆ ಹಳದಿ ಪಟ್ಟೆ, ನಡುನಡುವೆ ಕೆಂಪು. ಹೊರಗಿನಿಂದ ಬಂದ ಹಿರಿಯರು ಕೂಗಿಕೊಂಡರಂತೆ, “ಯಾರೂ ಮುಟ್ಟಬೇಡಿ!” ಭೂತಗನ್ನಡಿ ತೆಗೆದರು. ಇದು ಜ್ವಾಲಾಮುಖಿಯ ಬೂದಿ, ಈ ಕೆಂಪು ಕಬ್ಬಿಣ, ಇಂಥ ಪದರ ತಮ್ಮ ಜನ್ಮದಲ್ಲಿ ಎರಡೇ ಸಲ ನೋಡಿದ್ದು, ಹತ್ತು ಸಾವಿರ ವರ್ಷಕ್ಕೆ ಕಡಿಮೆಯಿಲ್ಲ ಅಂತ ಕಾಲು ಗಂಟೆ ಹೇಳಿದರಂತೆ. ಅವರು ಉಸಿರು ತೆಗೆದುಕೊಳ್ಳುವ ಹೊತ್ತಿಗೆ ದೊಡ್ಡ ಪ್ರೊಫೆಸರು ಮೆಲ್ಲಗೆ ಅಂದರು:

“ಸರ್, ಈ ಐಸನ್ನ ನಾನು ಗುರುವಾರ ನಲ್ಲಿ ನೀರಲ್ಲಿ ಮಾಡಿದ್ದು.”

ಎಲ್ಲರೂ ನನ್ನ ಮಗಳ ಕಡೆ ತಿರುಗಿದರು. ಅವಳು ಸುಳ್ಳು ಹೇಳುವವಳಲ್ಲ. “ನಮ್ಮಮ್ಮ ಡ್ರಿಲ್ಲಿಗೆ ಪೂಜೆ ಮಾಡಿದರು” ಅಂದಳು.

ಸಂಜೆ ಕಾರು ಬಂದು ನಿಂತರೂ ಅವಳು ಇಳಿಯಲಿಲ್ಲ. ನಾನೇ ಹೋಗಿ ಪಕ್ಕದಲ್ಲಿ ಕೂತೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯಲಿಲ್ಲ. “ನಾಲ್ಕು ವರ್ಷ ಅಮ್ಮ” ಅಂದಳು. ನಾನು ಅವತ್ತು ಒಂದು ತುತ್ತೂ ಮುಟ್ಟಲಿಲ್ಲ. ನನ್ನ ಕೈಗೆ ಅಂಟಿದ್ದ ಹಳದಿಯೂ ಹೋಗಿರಲಿಲ್ಲ.

ಬೆಳಗ್ಗೆ ಅವಳು ಏನೋ ಹೊಳೆದವಳ ಹಾಗೆ ಕಾಫಿ ಅರ್ಧಕ್ಕೆ ಬಿಟ್ಟು ಓಡಿದಳು. ಆ ಜಲ್ಲೆಯನ್ನು ಸೌತೆಕಾಯಿ ಹೆಚ್ಚಿದ ಹಾಗೆ ಬಿಲ್ಲೆ ಬಿಲ್ಲೆ ಕೊಯ್ದಳಂತೆ. ಹಳದಿ ಬರೀ ಸಿಪ್ಪೆಯಲ್ಲಿ. ಒಳಗೆ ಸ್ಫಟಿಕ. ನಾಲ್ಕು ವರ್ಷದಿಂದ ಬಾಯಲ್ಲಿ ಹೇಳುತ್ತಿದ್ದದ್ದು ಈಗ ಕಣ್ಣಿಗೆ ಕಾಣುತ್ತಿತ್ತು. ಇವಳ ಡ್ರಿಲ್ಲು ಕೊಳೆಯನ್ನು ಒಳಗೆ ಬಿಡುವುದಿಲ್ಲ.

ಹಿರಿಯರು ಬಿಲ್ಲೆಗಳನ್ನು ನೋಡಿ, “ಹಾಗಾದರೆ ಪ್ರೊಫೆಸರ ಡ್ರಿಲ್ಲಿಗೂ ಇದೇ ಮಾಡಿ ನೋಡಬೇಕು. ಅದೇ ಪುಡಿ, ಅದೇ ಕೈ, ಅದೇ ಕ್ರಮ. ಒಂದು ಹೆಜ್ಜೆ ಬಿಟ್ಟರೂ ಪರೀಕ್ಷೆ ಪರೀಕ್ಷೆಯಲ್ಲ” ಅಂದರು. ಅವರ ಕೆಲಸದ ಪದ್ಧತಿಯೇ ಹಾಗಂತೆ.

ಅದಕ್ಕೇ ಬುಧವಾರ ಪೂಜೆ ಬುಟ್ಟಿ ಹಿಡಿದು, ಮೊಮ್ಮಗಳ ಕೈ ಹಿಡಿದು, ಕೋಟಿನ ಮೇಲೆ ಕೋಟು ಹಾಕಿಕೊಂಡು ನಾನು ತಣ್ಣನೆ ಕೋಣೆಗೆ ಹೋದೆ. ಒಬ್ಬ ಪುಸ್ತಕ ಹಿಡಿದು ನಾನು ಮಾಡಿದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದ.

“ಗಂಟೆ ಬೇಕೇ ಬೇಕಾ?” ಅಂದರು ಪ್ರೊಫೆಸರು.

“ಭಾನುವಾರ ಬಾರಿಸಿದ್ದರು” ಅಂದಳು ಮಗಳು.

“ಬಾರಿಸಲಿ” ಅಂದರು ಹಿರಿಯರು.

ಕರ್ಪೂರ ಹಚ್ಚುವಾಗ ಪ್ರೊಫೆಸರು ಬೆಂಕಿ ಆರಿಸುವ ಕೆಂಪು ಸಿಲಿಂಡರು ತಬ್ಬಿಕೊಂಡು ನಿಂತರು. ನಾನು ಆರತಿ ಎತ್ತಿದವಳು ನಿಲ್ಲಿಸಿ ಮಗಳಿಗೆ ಒಂದು ಮಾತು ಹೇಳಿದೆ.

“ಏನಂತೆ?” ಅಂತ ಎಲ್ಲರೂ ಮಗಳನ್ನು ಕೇಳಿದರು.

“ಎಲ್ಲರೂ ಶೂ ಬಿಚ್ಚಬೇಕಂತೆ.”

ನಿಜ ಹೇಳುತ್ತೇನೆ, ನನಗೆ ಅವರನ್ನು ಗೋಳು ಹುಯ್ದುಕೊಳ್ಳುವ ಮನಸ್ಸಿರಲಿಲ್ಲ. ಶೂ ಹಾಕಿಕೊಂಡವರಿಗೆ ಆರತಿ ಕೊಟ್ಟು ನನಗೆ ಅಭ್ಯಾಸವಿಲ್ಲ. ಭಾನುವಾರ ಯಾರ ಕಾಲಲ್ಲೂ ಶೂ ಇರಲಿಲ್ಲ ಅಂತ ಮಗಳು ಹೇಳಿದ ಮೇಲೆ ಅವರಿಗೂ ಬೇರೆ ದಾರಿಯಿರಲಿಲ್ಲ. ಧ್ರುವದಲ್ಲಿ ನಡೆದು ಬಂದ ಗಂಡಸರು ಕಾಲುಚೀಲದಲ್ಲಿ ಐಸಿನ ನೆಲದ ಮೇಲೆ ಒಂದು ಕಾಲಿಂದ ಇನ್ನೊಂದು ಕಾಲಿಗೆ ಕುಣಿದರು. ಹಿರಿಯರು ಮಾತ್ರ ಬಿಚ್ಚದೆ ಮಗಳ ಕಿವಿಯಲ್ಲಿ ಏನೋ ಹೇಳಿದರು. ಹಿಂದೊಮ್ಮೆ ಹಿಮದಲ್ಲಿ ಅವರ ಕಾಲಿನ ಎರಡು ಬೆರಳು ಹೋಗಿವೆಯಂತೆ.

“ಅವರು ಆಗಲೇ ಕೊಟ್ಟಾಗಿದೆ, ಅವರಿಗೆ ಬೇಡ” ಅಂದೆ. ಬರೆದುಕೊಳ್ಳುವವನು ಅದನ್ನೂ ಬರೆದುಕೊಂಡ.

ಪ್ರೊಫೆಸರ ಡ್ರಿಲ್ಲಿನಿಂದ ಬಂದ ಜಲ್ಲೆಯನ್ನು ಕೊಯ್ದರು. ಪ್ರತಿ ಬಿಲ್ಲೆಯಲ್ಲೂ ಹಳದಿ ಗೆರೆ ನಡುಮಧ್ಯದವರೆಗೆ ಇಳಿದಿತ್ತು, ಎಲೆಯ ನರದ ಹಾಗೆ. ದೊಡ್ಡ ಪ್ರೊಫೆಸರು ತಮ್ಮದೇ ಡ್ರಿಲ್ಲಿನ ಹಲ್ಲು ಸವರುತ್ತಾ ಬಹಳ ಹೊತ್ತು ನಿಂತರು. ಶೂ ಹಾಕಿಕೊಳ್ಳುವುದನ್ನೂ ಮರೆತಿದ್ದರು. ಕೊನೆಗೆ ಮಗಳಿಗೆ ಕೈ ಕೊಟ್ಟು, “ನಿನ್ನ ಡ್ರಿಲ್ಲು ಹೋಗುತ್ತೆ. ಅದರ ಜೊತೆ ನೀನೂ” ಅಂದರು.

ಶುಕ್ರವಾರ ಕಾಗದ ಬಂತು. ಅಳಿಯ ಬಾಗಿಲಲ್ಲೇ ನಿಂತು, ಕಾರಿನ ಕೀ ಕೈಯಲ್ಲಿದ್ದ ಹಾಗೇ ಓದಿದ. ಅವಳು ಆಯ್ಕೆಯಾಗಿದ್ದಾಳೆ, ನವೆಂಬರಿಗೆ ಹೊರಡಬೇಕು, ಮೂರು ತಿಂಗಳು. ನಾನು ಕುರ್ಚಿಯಲ್ಲಿ ಕೂತೆ. ಮೂರು ತಿಂಗಳು ಆ ಮಗು, ಆ ಹಿಮ, ಈ ಮಂಡಿ. ಆದರೂ ಅವಳ ಮುಖ ನೋಡಿದರೆ ಸಾಕಿತ್ತು.

“ಕೊನೆಗೊಂದು ಷರತ್ತು ಇದೆ” ಅಂದ ಅಳಿಯ. “ಹೊರಡುವ ಮುಂಚೆ ಯಾವ ಕಾರಣಕ್ಕೂ ಡ್ರಿಲ್ಲನ್ನು ಮನೆಗೆ ತೆಗೆದುಕೊಂಡು ಹೋಗಕೂಡದು.”

ಡ್ರಿಲ್ಲು ಬರದಿದ್ದರೆ ಬೇಡ. ಅವಳ ಜೊತೆ ಧ್ರುವಕ್ಕೆ ಹೊರಟಿದ್ದ ಹಿಮ ಕಡಿಯುವ ಕೊಡಲಿ ಗರಾಜಿನಲ್ಲೇ ಇತ್ತು.